ಕಪ್ಪುರಂಧ್ರದ ತೂಕ ಎಷ್ಟು ಬೇಗ ಏರಬಲ್ಲದು?

ಪ್ರಶ್ನೆ: ಮಹಾಸ್ಫೋಟವಾಗಿ ಬರೀ 67 ಕೋಟಿ ವರ್ಷಕ್ಕೆ ಸೂರ್ಯನ 160 ಕೋಟಿ ಪಟ್ಟು ತೂಗುವ ಕಪ್ಪುರಂಧ್ರ ಇತ್ತಂತೆ. ಸಿಕ್ಕಿದ್ದನ್ನೆಲ್ಲ ನುಂಗುವುದಕ್ಕೆ ಇದೇನು ದೊಡ್ಡ ಮಾತು? ವಿಜ್ಞಾನಿಗಳಿಗೆ ಯಾಕಷ್ಟು ತಲೆಬಿಸಿ?

ಉತ್ತರ: ಅದು 2021ರಲ್ಲಿ ವರದಿಯಾದ ಜೆ0313–1806 ಎಂಬ ಕ್ವೇಸಾರ್‌ನದು. ಕ್ವೇಸಾರ್ ಎಂದರೆ ಕಪ್ಪುರಂಧ್ರಕ್ಕೆ ಬೀಳುವ ಅನಿಲ ಕಾದು ಝಗಮಗಿಸುವ ಗ್ಯಾಲಕ್ಸಿಯ ನಡುಭಾಗ. ಕಪ್ಪುರಂಧ್ರ ಸಿಕ್ಕಿದ್ದನ್ನೆಲ್ಲ ನುಂಗುವುದಿಲ್ಲ. ತಲೆಬಿಸಿ ಶುರುವಾಗುವುದೇ ಅಲ್ಲಿ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುರಂಧ್ರ ಇಟ್ಟರೂ ಭೂಮಿ ಈಗಿನ ಕಕ್ಷೆಯಲ್ಲೇ ಸುತ್ತುತ್ತಿರುತ್ತದೆ. ಅನಿಲದ ಕಥೆಯೂ ಅದೇ. ಕೋನೀಯ ಸಂವೇಗ, ಅಂದರೆ ಸುತ್ತುವಿಕೆಯ ರಭಸ, ಕಳೆದುಕೊಳ್ಳದೆ ಅದು ಒಳಕ್ಕೆ ಬೀಳದು. ತಟ್ಟೆಯಂತೆ ಹರಡಿ ಸುತ್ತುತ್ತ, ಕಾಂತಕ್ಷೇತ್ರದ ಎಳೆದಾಟದಲ್ಲಿ ಆ ಸಂವೇಗವನ್ನು ಹೊರಕ್ಕೆ ದಾಟಿಸುತ್ತ, ನಿಧಾನವಾಗಿ ಇಳಿಯುತ್ತದೆ.

ಇಳಿಯುವಾಗ ಕಾದು ಬೆಳಗುತ್ತದೆ. ಬೀಳುವ ದ್ರವ್ಯರಾಶಿಯಲ್ಲಿ ಸುಮಾರು ಶೇ 10 ಬೆಳಕಾಗಿ ಹೋಗುತ್ತದೆ, ಉಳಿದದ್ದು ಜಮೆ. ಬೆಳಕು ಅತಿಯಾದರೆ ಅದರ ಒತ್ತಡವೇ ಬರುವ ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ. ಇದು ಎಡಿಂಗ್ಟನ್ ಮಿತಿ. 10 ಕೋಟಿ ಸೂರ್ಯರ ತೂಕದ ಕಪ್ಪುರಂಧ್ರಕ್ಕೆ ವರ್ಷಕ್ಕೆ ಎರಡು ಸೂರ್ಯರಿಗಿಂತ ತುಸು ಹೆಚ್ಚು ಊಟ, ಅಷ್ಟೇ. ತೂಕ ಏರಿದಂತೆ ಮಿತಿಯೂ ಏರುವುದರಿಂದ ಇದು ಚಕ್ರಬಡ್ಡಿ: ಸುಮಾರು 3.5 ಕೋಟಿ ವರ್ಷಕ್ಕೊಮ್ಮೆ ದುಪ್ಪಟ್ಟು.

ಈಗ ಲೆಕ್ಕ ಹಾಕಿ. ಸತ್ತ ನಕ್ಷತ್ರ ಬಿಟ್ಟುಹೋದ, ಸೂರ್ಯನ 100 ಪಟ್ಟು ತೂಗುವ ಬೀಜದಿಂದ, ಅಂದರೆ ಆರಂಭದ ಪುಟ್ಟ ಕಪ್ಪುರಂಧ್ರದಿಂದ, ಹೊರಟರೆ 24 ಸಲ ದುಪ್ಪಟ್ಟಾಗಬೇಕು, ಅಂದರೆ 84 ಕೋಟಿ ವರ್ಷ. ವಿಶ್ವಕ್ಕೇ ಆಗ ಅಷ್ಟು ವಯಸ್ಸಿಲ್ಲ! 10,000 ಪಟ್ಟಿನ ಬೀಜಕ್ಕೆ 60 ಕೋಟಿ, ಒಂದು ಲಕ್ಷದ್ದಕ್ಕೆ 49 ಕೋಟಿ. ಅದೂ ನಡುವೆ ಎಲ್ಲೂ ಉಪವಾಸ ಬೀಳದಿದ್ದರೆ.

ಹಾಗಾಗಿ ದಾರಿ ಎರಡು. ಅನಿಲದ ಮೋಡವೇ ಚೂರುಚೂರಾಗಿ ನಕ್ಷತ್ರಗಳಾಗದೆ ನೇರ ಕುಸಿದು ದೊಡ್ಡ ಬೀಜವಾಗಿರಬೇಕು. ಇಲ್ಲವೇ ಆಗಾಗ ಮಿತಿ ಮೀರಿ ತಿಂದಿರಬೇಕು. 2023ರಲ್ಲಿ ಚಂದ್ರ ಎಂಬ ಎಕ್ಸ್-ಕಿರಣ ದೂರದರ್ಶಕ ಮತ್ತು ಜೇಮ್ಸ್ ವೆಬ್ ದೂರದರ್ಶಕ ಸೇರಿ ಕಂಡ ಗ್ಯಾಲಕ್ಸಿ ಯುಎಚ್‌ಝೆಡ್1 ಮೊದಲನೆಯದರತ್ತ ವಾಲಿಸುತ್ತದೆ. ವಿಶ್ವಕ್ಕೆ 47 ಕೋಟಿ ವರ್ಷವಾಗಿದ್ದಾಗಿನ ಆ ಗ್ಯಾಲಕ್ಸಿಯಲ್ಲಿ ಕಪ್ಪುರಂಧ್ರದ ತೂಕ ಅದರ ಎಲ್ಲ ನಕ್ಷತ್ರಗಳ ತೂಕಕ್ಕೆ ಹತ್ತಿರ ಹತ್ತಿರ ಸಮ. ನಮ್ಮ ನೆರೆಯ ಗ್ಯಾಲಕ್ಸಿಗಳಲ್ಲಿ ಅದು ಗ್ಯಾಲಕ್ಸಿಯ ನಡುವೆ ಉಬ್ಬಿರುವ ನಕ್ಷತ್ರರಾಶಿಯ ತೂಕದ ಸಾವಿರದಲ್ಲಿ ಕೆಲವೇ ಪಾಲು. ಆದರೆ ಒಂದೇ ಉದಾಹರಣೆಯಿಂದ ಎರಡನೆಯ ದಾರಿಯನ್ನು ಮುಚ್ಚಿಬಿಡಲಾಗದು.

ಪ್ರಶ್ನೆ: ಹಾಗಾದರೆ ನಮ್ಮ ಕ್ಷೀರಪಥದ್ದೂ ಬೆಳೆಯುತ್ತಿದೆಯೇ?

ಉತ್ತರ: ಇಲ್ಲವೆಂದೇ ಹೇಳಬಹುದು. ಸೂರ್ಯನ ಸುಮಾರು 43 ಲಕ್ಷ ಪಟ್ಟು ತೂಗುವ, ಕ್ಷೀರಪಥದ ನಡುವಿನ ಕಪ್ಪುರಂಧ್ರ ಸ್ಯಾಜಿಟೇರಿಯಸ್ ಎ* ಈಗ ಪಥ್ಯದಲ್ಲಿದೆ. ಸುತ್ತಲಿನ ದೊಡ್ಡ ನಕ್ಷತ್ರಗಳಿಂದ ಬೀಸಿಬರುವ ಅನಿಲದಲ್ಲೂ ಬಹುಪಾಲು ಒಳಸೇರುವುದಿಲ್ಲ. ಕೋಟಿ ವರ್ಷ ಕಾದರೂ ಒಂದು ಸೂರ್ಯನಷ್ಟು ಕೂಡುವುದಿಲ್ಲ. ದೊಡ್ಡ ಮೆಗೆಲ್ಲಾನಿಕ್ ಮೋಡದಂಥ ನೆರೆಯ ಗ್ಯಾಲಕ್ಸಿ ಬಂದು ಬೆರೆತು, ತಣ್ಣನೆಯ ಅನಿಲ ಕಲಕಿ ನಡುವಿಗೆ ಜಾರಿದರೆ ಮಾತ್ರ ಮತ್ತೆ ಊಟ.