ಪಾಪ್-ಪಂಕ್ ಹಾಡುತ್ತಿದ್ದ ಅಮೆರಿಕದ ಗಾಯಕಿ ಕೇಟಿ ಕ್ರಚ್‌ಫೀಲ್ಡ್ ಆಲ್ಟರ್ನೇಟಿವ್ ಕಂಟ್ರಿಗೆ (ರಾಕ್ ಬೆರೆತ ಕಂಟ್ರಿ ಸಂಗೀತಕ್ಕೆ) ಬಂದದ್ದು ಯಾಕೆ?

ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬಂದ ಹಾಡಿನ ಶೈಲಿ, ಅವರು ಚಿಕ್ಕಂದಿನಿಂದ ಕೇಳಿ ಬೆಳೆದ ಸಂಗೀತ. ಊರು ದಕ್ಷಿಣ ಅಮೆರಿಕ ಖಂಡವಲ್ಲ, ಅಮೆರಿಕ ದೇಶದ ದಕ್ಷಿಣ ಭಾಗದ ಅಲಬಾಮಾ ರಾಜ್ಯ, ಅಲ್ವಾ? ಹರೆಯದಲ್ಲಿ ಅದನ್ನು ಬದಿಗಿಟ್ಟು, 2007ರಲ್ಲಿ ಅವಳಿ ಸಹೋದರಿ ಆಲಿಸನ್ ಜೊತೆ ಪಿ.ಎಸ್. ಎಲಿಯಟ್ ಎಂಬ ಪಾಪ್-ಪಂಕ್ ಬ್ಯಾಂಡ್ ಕಟ್ಟಿದರು. ವೇಗದ ತಾಳ, ಗರಗರ ಗಿಟಾರ್, ಬೇಗ ಬಾಯಿಗೆ ಬರುವ ರಾಗ.

ಹಾಗೆ ನೋಡಿದರೆ ಎರಡರ ತಳಹದಿ ಒಂದೇ: ಮೂರ್ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ನೇರ ಮಾತು. ಗಿಟಾರಿನ ಗದ್ದಲ ತೆಗೆದು ವೇಗ ಇಳಿಸಿದರೆ ದನಿ, ಸಾಹಿತ್ಯ ಎರಡೂ ಮುಂದೆ ಬರುತ್ತವೆ. ವಾಕ್ಸಹ್ಯಾಚೀ ಎಂಬ ಹೆಸರಲ್ಲಿ 2020ರಲ್ಲಿ ತಂದ 'ಸೇಂಟ್ ಕ್ಲೌಡ್' ಆಲ್ಬಮ್‌ನಲ್ಲಿ ಆಗಿದ್ದು ಅದೇ. ಪದಗಳ ಕೊನೆಯನ್ನು ಎಳೆದು ಹಾಡುವ ಅವರ ದಕ್ಷಿಣದ ಉಚ್ಚಾರಣೆ ಇಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕುಡಿತ ಬಿಟ್ಟ ಮೇಲಿನ ಹಾಡುಗಳಿವು. ಅವಕ್ಕೆ ಈ ನಿಧಾನವೇ ಸರಿ ಅಂತ ನನಗನ್ನಿಸುತ್ತದೆ.