ಮಳೆಗಾಲಕ್ಕೂ ಒಂದು ವ್ಯಾಯಾಮ ಬೇಕು

ಪ್ರಶ್ನೆ: ನನಗೆ 42 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟದ ಕೂಡುಕುಟುಂಬದಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ಮೂರು ತಿಂಗಳ ಸಕ್ಕರೆಯ ಪರೀಕ್ಷೆಯಲ್ಲಿ (ಎಚ್‌ಬಿಎ1ಸಿ) 6.1 ಬಂದಾಗ ವೈದ್ಯರು ದಿನವೂ ನಡೆಯಲು ಹೇಳಿದರು. ಶಿವರಾತ್ರಿಯ ಹೊತ್ತಿಗೆ ಶುರುಮಾಡಿ ಪ್ರತಿದಿನ ಒಂದು ಗಂಟೆ ನಡೆಯುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದರೆ ನಿಂತುಹೋಗುತ್ತದೆ. ಮಳೆ ಬಿಟ್ಟ ಮೇಲೆ ಹಬ್ಬಗಳು, ಅನಂತರ ಅಡಿಕೆ ಗೊನೆಯ ಕೊಯ್ಲು. ‘ಈ ಸಲ ಎಷ್ಟು ದಿನದ ವ್ರತ?’ ಎಂದು ಯಜಮಾನರು ಎಲ್ಲರೆದುರು ನಗುತ್ತಾರೆ. ಮನೆಕೆಲಸವೇ ವ್ಯಾಯಾಮವಲ್ಲವೇ ಎನ್ನುತ್ತಾರೆ ಅತ್ತೆ. ಬೆಂಗಳೂರಿನ ತಂಗಿ ಹತ್ತು ಸಾವಿರ ಹೆಜ್ಜೆ ಮುಗಿಸಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದಾಗಲೆಲ್ಲ ನನ್ನ ಮೇಲೇ ಬೇಸರವಾಗುತ್ತದೆ. ನನಗೆ ಮನೋಬಲವೇ ಇಲ್ಲವೇ?
– ಹೆಸರು ಬೇಡ

ಉತ್ತರ: ಸಹೋದರಿ, ಯಾರೂ ಜೊತೆಗಿಲ್ಲದೆ, ಮನೆಯವರ ನಗುವನ್ನೂ ಸಹಿಸಿಕೊಂಡು, ವರ್ಷಕ್ಕೆ ಮೂರು ತಿಂಗಳಿಗೂ ಹೆಚ್ಚು ಕಾಲ ನಸುಕಿನಲ್ಲೆದ್ದು ನಡೆಯುವವರಿಗೆ ಮನೋಬಲವಿಲ್ಲ ಎಂದು ನಾನು ಒಪ್ಪುವುದಿಲ್ಲ. ನೀವು ಹಾಕಿಕೊಂಡ ಕ್ರಮ ಬಿಸಿಲುಗಾಲಕ್ಕೆ ಮಾತ್ರ ಹೊಂದುವಂಥದ್ದು, ತೊಡಕಿರುವುದು ಅಲ್ಲಿಯೇ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆ ನಿಮ್ಮದೇ ತಾಲ್ಲೂಕಿನಲ್ಲಿದೆ. ಪಾಚಿಗಟ್ಟಿದ ದಾರಿ, ಇಂಬಳ, ಮುರಿದು ಬೀಳುವ ಮರ ಇವುಗಳ ನಡುವೆ ಆಷಾಢದಲ್ಲಿಯೂ ಬೆಳಗಿನ ಕತ್ತಲಲ್ಲಿ ರಸ್ತೆಗಿಳಿಯಬೇಕೆಂದು ಯಾರೂ ನಿಮ್ಮನ್ನು ಕೇಳಲಾರರು.

ಮೊದಲು ಪ್ರಮಾಣವನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನೂ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಸೂಚಿಸುತ್ತದೆ. ನಿಮ್ಮಂತೆಯೇ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷಗಳ ಚಟುವಟಿಕೆ ಮತ್ತು ಶೇ 7ರಷ್ಟು ತೂಕ ಇಳಿಕೆಯ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಕಾಯಿಲೆಗೆ ತಿರುಗುವ ಪ್ರಮಾಣ ಶೇ 58ರಷ್ಟು ತಗ್ಗಿತ್ತು. ದಿನಕ್ಕೊಂದು ಗಂಟೆಯೆಂದರೆ ವಾರಕ್ಕೆ 420 ನಿಮಿಷವಾಯಿತು. ಅಷ್ಟು ದೊಡ್ಡ ಹೊರೆಯನ್ನು ಹೊತ್ತು ಹೊರಟವರಿಗೆ ಅರ್ಧ ಗಂಟೆಯ ದಿನವೂ ಸೋಲಿನಂತೆಯೇ ಕಾಣುತ್ತದೆ. ತಂಗಿಯ ಹತ್ತು ಸಾವಿರ ಹೆಜ್ಜೆಗಳ ವಿಷಯಕ್ಕೆ ಬಂದರೆ, ಆ ಸಂಖ್ಯೆ ಜನಪ್ರಿಯವಾದದ್ದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನವೊಂದರಿಂದ. ಅದು ವೈದ್ಯರು ಬರೆದುಕೊಟ್ಟ ಪ್ರಮಾಣವೇನಲ್ಲ. ಆ ಚಿತ್ರಗಳನ್ನು ಕೆಲವು ದಿನ ನೋಡದಿದ್ದರೆ ಅಕ್ಕ-ತಂಗಿಯರ ಪ್ರೀತಿಗೇನೂ ಕುಂದಾಗದು.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗೊಬ್ಬರದ ಬುಟ್ಟಿ ಹೊರುವುದು, ತೋಟದ ಏರು ಹತ್ತಿಳಿಯುವುದು ಖಂಡಿತ ಲೆಕ್ಕಕ್ಕೆ ಬರುತ್ತವೆ. ಆದರೆ ಅಡಿಕೆ ಸುಲಿಯುತ್ತ ರಾತ್ರಿಯವರೆಗೆ ಕೂತಲ್ಲೇ ಕೂರುವುದು ದಣಿವಾದೀತೇ ಹೊರತು ವ್ಯಾಯಾಮವಾಗದು. ಮೇಲಾಗಿ ಸುಲಿಯುವ ಯಂತ್ರ, ಮಿಕ್ಸಿ, ವಾಷಿಂಗ್ ಮಷಿನ್‌ಗಳು ಬಂದ ಮೇಲೆ ಅವರ ಕಾಲದ ಮನೆಕೆಲಸವೂ ಇಂದಿನದೂ ಒಂದೇ ಅಲ್ಲ. ಇದನ್ನು ಅವರೊಡನೆ ವಾದಿಸಿ ಗೆಲ್ಲಬೇಕಾಗಿಲ್ಲ.

ಇನ್ನು ನಿರಂತರತೆಯ ಪ್ರಶ್ನೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ, ದಿನವೂ ತಪ್ಪದೆ ನಡೆಯುವ ಯಾವುದಾದರೊಂದು ಕೆಲಸದ ಬೆನ್ನಿಗೇ ಹೊಸ ಅಭ್ಯಾಸವೊಂದನ್ನು ಜೋಡಿಸಿಕೊಂಡರು. ಅದು ತಾನಾಗಿ ನಡೆಯುವಂತಾಗಲು ಹಿಡಿದ ಕಾಲ 18 ದಿನಗಳಿಂದ ಅಂದಾಜು 254 ದಿನಗಳವರೆಗೂ ಇತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಹಾಗಾಗಿ ನೀವು ಹಿಡಿಯಬೇಕಾದದ್ದು ಮಳೆಗಾಲದಲ್ಲಿಯೂ ತಪ್ಪದ ಒಂದು ಗಳಿಗೆಯನ್ನು. ಮಲೆನಾಡಿನ ಮನೆಯಲ್ಲಿ ಅದನ್ನು ಹುಡುಕಬೇಕಿಲ್ಲ: ಬಚ್ಚಲೊಲೆಗೆ ಉರಿ ಹಾಕಿ ಹಂಡೆಯ ನೀರು ಕಾಯುವ ಹೊತ್ತು. ಆ ಹೊತ್ತಿನಲ್ಲಿ ಜಗಲಿಯ ಉದ್ದಕ್ಕೂ ಬಿರುಸಾಗಿ ನಡೆಯಿರಿ, ಮೆಟ್ಟಿಲಿದ್ದರೆ ಕೆಲವು ಸಲ ಹತ್ತಿಳಿಯಿರಿ. ವಾರಕ್ಕೆ ಎರಡು ದಿನ, ಕೈ ಆಸರೆಯಿಲ್ಲದೆ ಕುರ್ಚಿಯಿಂದ ಏಳುವುದು-ಕೂರುವುದು, ಗೋಡೆಗೆ ಅಂಗೈ ಊರಿ ಮೈಯನ್ನು ಹಿಂದೆ-ಮುಂದೆ ತಳ್ಳುವುದು ಸೇರಿರಲಿ. ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಅರ್ಧ ಗಂಟೆಗೆ ಏರಿಸಬಹುದು. ಮದುವೆಮನೆ, ಕೊಯ್ಲು, ನೆಂಟರು ಎಂದು ಯಾವುದಾದರೂ ದಿನ ಬಿಡುವಾಗದಿದ್ದರೆ ಆ ಹತ್ತೇ ನಿಮಿಷ ಸಾಕು. ಮರುದಿನ ‘ಮತ್ತೆ ಮೊದಲಿನಿಂದ’ ಎಂದುಕೊಳ್ಳದೆ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ.

ಯಜಮಾನರ ನಗುವಿಗೆ ಎಲ್ಲರೆದುರು ಉತ್ತರ ಕೊಡಬೇಡಿ. ಇಬ್ಬರೇ ಇದ್ದಾಗ ರಕ್ತಪರೀಕ್ಷೆಯ ವರದಿಯನ್ನು ಅವರ ಮುಂದಿಟ್ಟು, ಆ ಮಾತು ನೋಯಿಸುತ್ತದೆಂದು ನೇರವಾಗಿ ಹೇಳಿ, ಒಂದು ಖಚಿತ ಸಹಾಯ ಕೇಳಿ: ಆ ಅರ್ಧ ಗಂಟೆ ಮನೆಯವರಿಗೆ ಕಾಫಿ ಮಾಡುವ ಕೆಲಸ ಅವರದು. ಗಂಡಸರಿಗೆ ಕಾಫಿ ಸೋಸಲು ಬರುವುದಿಲ್ಲವೆಂಬ ಮಾತನ್ನು ನಾನಂತೂ ನಂಬುವವಳಲ್ಲ.

ತೂಕದ ಯಂತ್ರವನ್ನು ದಿನವೂ ಹತ್ತಬೇಡಿ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ನೋಡಿಕೊಂಡರೆ ಸಾಕು, ಭಾರತೀಯ ಹೆಂಗಸರಿಗೆ ಅದು 80 ಸೆಂಟಿಮೀಟರಿನೊಳಗಿರಬೇಕು ಎನ್ನುತ್ತಾರೆ. ಸಕ್ಕರೆಯ ಪರೀಕ್ಷೆಯನ್ನು ಈ ಮಳೆಗಾಲ ಮುಗಿದ ಕೂಡಲೇ, ದೀಪಾವಳಿಯ ಹೋಳಿಗೆಗೆ ಮೊದಲೇ, ಮಾಡಿಸಿಕೊಳ್ಳಿ. ಮಂಡಿ ನೋವಿದ್ದರೆ ಮೆಟ್ಟಿಲಿನ ಭಾಗವನ್ನು ವೈದ್ಯರನ್ನು ಕೇಳಿಯೇ ಆರಂಭಿಸಿ.