ಗುಹೆಯಲ್ಲಿ ‘ಪಾದ ಮುಚ್ಚಿಕೊಂಡ’ ಸೌಲ: ಈ ಮಾತಿನ ಅರ್ಥವೇನು, ಅನುವಾದಿಸುವುದು ಹೇಗೆ?

ಹೀಬ್ರೂ ಬೈಬಲ್ಲಿನ ಮೊದಲನೆಯ ಸಮುವೇಲ 24ನೇ ಅಧ್ಯಾಯದಲ್ಲಿ ಅರಸ ಸೌಲ ‘ಪಾದ ಮುಚ್ಚಿಕೊಳ್ಳಲು’ ಗುಹೆಗೆ ಹೋದನೆಂದಿದೆ. ಹಾಗೆಂದರೆ ನಿದ್ದೆಯೇ, ಅಕ್ಷರಶಃ ಅನುವಾದಿಸಬಹುದೇ ಎಂದು ಕೇಳಿದ್ದೀರಿ.

ನಿದ್ದೆಯಲ್ಲ, ಮಲವಿಸರ್ಜನೆ. ಇಂಥ ಮಾತು ಸಿಕ್ಕಾಗ ನಾನು ಮೊದಲು ಹುಡುಕುವುದು ಅದೇ ಗ್ರಂಥದಲ್ಲಿ ಅದು ಇನ್ನೆಲ್ಲಿ ಬಂದಿದೆ ಎಂದು. ಇದು ನ್ಯಾಯಸ್ಥಾಪಕರು 3:24ರಲ್ಲೂ ಇದೆ. ಮೋವಾಬಿನ ಅರಸ ಎಗ್ಲೋನನ ಕೋಣೆಯ ಬಾಗಿಲು ಮುಚ್ಚಿದೆ. ಅರಸ ಪಾದ ಮುಚ್ಚಿಕೊಳ್ಳುತ್ತಿರಬೇಕೆಂದು ಸೇವಕರು ಹೊರಗೇ ನಿಲ್ಲುತ್ತಾರೆ, ಕಾದು ಕಾದು ಮುಜುಗರಪಟ್ಟ ಮೇಲಷ್ಟೇ ಕೀಲಿಕೈ ತರುತ್ತಾರೆ. ಈಗ ಗುಹೆಗೆ ಮರಳಿ ನೋಡಿ. ಕುಕ್ಕರಗಾಲಲ್ಲಿ ಕುಳಿತವನ ನಿಲುವಂಗಿ ಇಳಿದು ಪಾದಗಳನ್ನು ಮುಚ್ಚುತ್ತದೆ. ಸೌಲನಿಂದ ತಪ್ಪಿಸಿಕೊಂಡು ಅದೇ ಗುಹೆಯಲ್ಲಿ ಅಡಗಿದ್ದ ದಾವೀದ ಸದ್ದಿಲ್ಲದೆ ಬಂದು ಕತ್ತರಿಸುವುದೂ ಆ ನಿಲುವಂಗಿಯ ಅಂಚನ್ನೇ.

ಕನ್ನಡದಲ್ಲಿ ‘ಪಾದ ಮುಚ್ಚಿಕೊಂಡನು’ ಎಂದರೆ ಯಾರಿಗೂ ಏನೂ ತಿಳಿಯದು. ‘ಮಲವಿಸರ್ಜಿಸಿದನು’ ಎಂದರೆ ಅರ್ಥವೇನೋ ದಕ್ಕುತ್ತದೆ, ಮೂಲದ ಸಂಕೋಚ ಹೋಗಿಬಿಡುತ್ತದೆ. ಅದು ನನಗೆ ಸಣ್ಣ ನಷ್ಟವಲ್ಲ. ನಮ್ಮಲ್ಲೇ ‘ಬಹಿರ್ದೆಸೆಗೆ ಹೋಗುವುದು’ ಎಂಬ ಮಾತಿದೆಯಲ್ಲ! ಅಕ್ಷರಾರ್ಥದಲ್ಲಿ ಬರೀ ಹೊರಗಿನ ದಿಕ್ಕು, ಹೇಳುವುದು ಇದನ್ನೇ, ಅದೇ ಮರ್ಯಾದೆಯಲ್ಲಿ. ನಾನಾದರೆ ಅದನ್ನೇ ಬರೆಯುತ್ತೇನೆ.

ಅಕ್ಷರಶಃ ಅನುವಾದ ಯಾವಾಗಲೂ ತಪ್ಪು ಎಂದಲ್ಲ. ಗ್ರೀಕಿನಲ್ಲಿರುವ ಹೊಸ ಒಡಂಬಡಿಕೆಯ ಲೂಕ 15:20ರಲ್ಲಿ ಮನೆ ಬಿಟ್ಟುಹೋಗಿದ್ದ ಮಗನನ್ನು ತಂದೆ ದೂರದಿಂದಲೇ ಕಂಡು ಕನಿಕರಪಡುತ್ತಾನೆ. ಆ ಕನಿಕರಕ್ಕಿರುವ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ಒಳಾಂಗಗಳಿಗಿರುವ ‘ಸ್ಪ್ಲಾಂಖ್ನ’ ಎಂಬ ಪದದಿಂದ. ‘ಕನಿಕರಪಟ್ಟನು’ ಎನ್ನುವುದಕ್ಕಿಂತ ‘ಅವನ ಕರುಳು ಕರಗಿತು’ ಎನ್ನುವುದು ಮೂಲಕ್ಕೆ ಹತ್ತಿರ, ಕನ್ನಡಕ್ಕೂ ಹತ್ತಿರ. ವಿಮೋಚನಕಾಂಡ 34:6ರಲ್ಲಿ ದೇವರನ್ನು ‘ಎರೆಖ್ ಅಪ್ಪಯಿಮ್’ ಎಂದಿದೆ. ಪದಕ್ಕೆ ಪದ ಇಟ್ಟರೆ ‘ಉದ್ದ ಮೂಗಿನವನು’, ಅಂದರೆ ಬೇಗ ಸಿಟ್ಟಾಗದವನು. ಹೀಬ್ರೂವಿನಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ಮೂಗಿನ ತುದಿಯಲ್ಲೇ ಕೋಪ ಎನ್ನುವ ನಮಗೆ ಈ ಕಲ್ಪನೆ ದೂರದ್ದಲ್ಲ. ಆದರೂ ದೇವರಿಗೆ ಉದ್ದ ಮೂಗು ಕೊಟ್ಟರೆ ಓದುಗ ನಕ್ಕಾನು. ‘ದೀರ್ಘಶಾಂತ’ ಎಂದರೆ ಆ ಉದ್ದವಾದರೂ ಉಳಿಯುತ್ತದೆ.

ಅರ್ಥವೇ ಇತ್ಯರ್ಥವಾಗದ ಮಾತುಗಳೂ ಇವೆ. ಹಸಿದ ವೈರಿಗೆ ಉಣಬಡಿಸಿ ‘ಅವನ ತಲೆಯ ಮೇಲೆ ಕೆಂಡ ಸುರಿಯುವೆ’ ಎನ್ನುವ ಜ್ಞಾನೋಕ್ತಿ 25:22 ಹೇಳುವುದು ನಾಚಿಕೆಯನ್ನೋ, ಪಶ್ಚಾತ್ತಾಪವನ್ನೋ, ಶಿಕ್ಷೆಯನ್ನೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಅಲ್ಲಿ ನಾನು ಕೆಂಡವನ್ನು ಕೆಂಡವಾಗಿಯೇ ಬಿಟ್ಟು, ಮೂರೂ ಅರ್ಥಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತೇನೆ.